ರಂಗಯ್ಯನ ಬೆಟ್ಟದ ಕಾಡು

ಯಳಂದೂರನ್ನು ಬಿಟ್ಟು ಬೆಟ್ಟದತ್ತ ಹೊರಟ ದಾರಿ ಗದ್ದೆ ತೋಟಗಳ ನಡುವೆ ಕೆಲವು ದೂರ ನೆಟ್ಟಗೆ ಸಾಗಿ, ಗುಂಬಳ್ಳಿಯ ತಪಾಸಣೆಯ ಗೇಟನ್ನು ದಾಟಿದೊಡನೆ ತನ್ನ ಸ್ವಭಾವವನ್ನೇ ಬದಲಾಯಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದು ಊರಿನ ದಾರಿಯಲ್ಲ, ಕಾಡಿನ ದಾರಿ. ಮೊದಲು ಎದುರಾಗುವುದು ಕಾರೆ, ಎಲಚಿ, ಕಗ್ಗಲಿಗಳ ಮುಳ್ಳು ಕುರುಚಲು. ಇದನ್ನೇ ಕಾಡೆಂದು ತಿಳಿದು ಮುಖ ಸಣ್ಣಗೆ ಮಾಡಿಕೊಳ್ಳುವ ಪ್ರವಾಸಿಗರೂ ಉಂಟು. ಅವರು ಅವಸರ ಪಡಬಾರದು. ತಿರುವಿನ ಮೇಲೆ ತಿರುವು ಏರಿದಂತೆ ದಿಂಡಿಗ, ಮತ್ತಿ, ಹೊನ್ನೆ, ತಾರೆ, ನೆಲ್ಲಿಗಳು ಒಂದೊಂದಾಗಿ ದಾರಿಯ ಅಂಚಿಗೆ ಬಂದು ನಿಲ್ಲುತ್ತವೆ. ಮೊಸಳೆಯ ಚರ್ಮದಂತೆ ಬಿರಿದ ತೊಗಟೆಯ ಮತ್ತಿಯನ್ನು ಒಮ್ಮೆ ನೋಡಿದವನು ಮತ್ತೆ ಮರೆಯಲಾರನು. ಹೊನ್ನೆಯ ಮೈಗೆ ಗಾಯವಾದರೆ ರಕ್ತದಂಥ ಕೆಂಪು ರಸ ಒಸರುತ್ತದೆ. ಇನ್ನೂ ಮೇಲೆ ಹೋದರೆ ಬೇಸಿಗೆಯಲ್ಲಿಯೂ ಎಲೆಯುದುರಿಸದ ಕಪ್ಪುಹಸಿರು ಮರಗಳು, ಅವುಗಳ ಕೊಂಬೆಗಳ ಮೇಲೆ ಹಾವಸೆ, ಹಾವಸೆಯ ನಡುವೆ ಸೀತಾಳೆ. ನೆತ್ತಿಯಲ್ಲಿ ಬೋಳು ಹುಲ್ಲುಗಾವಲು, ಅದರ ಮಡಿಲಿನ ಕಣಿವೆಗಳಲ್ಲಿ ಮತ್ತೆ ದಟ್ಟ ಕಾಡು. ಒಂದು ಗಂಟೆಯ ಪ್ರಯಾಣದಲ್ಲಿ ಇಷ್ಟು ಬಗೆಯ ಅರಣ್ಯಗಳನ್ನು ಸಾಲಾಗಿ ತೋರಿಸಬಲ್ಲ ಬೆಟ್ಟ ಕನ್ನಡನಾಡಿನಲ್ಲಿ ವಿರಳ.

ಸಸ್ಯಶಾಸ್ತ್ರಜ್ಞರು ಇವಕ್ಕೆ ಉದ್ದುದ್ದ ಹೆಸರುಗಳನ್ನಿಟ್ಟಿದ್ದಾರೆ. ಅವರಿಗಿಂತ ಬಹು ಮೊದಲೇ ಇಲ್ಲಿನ ಸೋಲಿಗರು ಇಟ್ಟ ಹೆಸರುಗಳು ಚಿಕ್ಕವು, ಚೊಕ್ಕವು: ಎಲೆಯುದುರುವ ಕಾಡು ನಾಡುಕಾಡು, ನಿತ್ಯಹಸಿರಿನದು ಮಲೆಕಾಡು, ತೊರೆಯ ದಡದ್ದು ಕಾನುಕಾಡು, ನೆತ್ತಿಯ ಹುಲ್ಲುಗಾವಲು ಬೋಳಿ. ಹೆಸರನ್ನು ಕೇಳಿದರೇ ಕಣ್ಣಿಗೆ ಕಟ್ಟುವಂತಿರುವ ಈ ಮಾತುಗಳು ನಮ್ಮ ನಿಘಂಟುಗಳಿಗೆ ಸೇರಿದರೆ ಕನ್ನಡಕ್ಕೆ ನಷ್ಟವೇನೂ ಆಗದು.

ಬಿಳಿಗಿರಿರಂಗನ ಬೆಟ್ಟದ ಸಾಲು ಚಾಮರಾಜನಗರ ಜಿಲ್ಲೆಯಲ್ಲಿ ಉತ್ತರ ದಕ್ಷಿಣವಾಗಿ ಚಾಚಿಕೊಂಡಿದೆ. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ಇದು ನಡುಮನೆ. ಎರಡೂ ಕಡೆಯ ನೆಂಟರು ಇಲ್ಲಿ ಬಂದು ಕಲೆತಿದ್ದಾರೆ. ಮುಂಗಾರು ಇಲ್ಲಿಗೆ ಬರುತ್ತದೆ, ಹಿಂಗಾರೂ ಬರುತ್ತದೆ. ಬುಡದಲ್ಲಿ ಸುಮಾರು 600 ಮೀಟರ್ ಇರುವ ಎತ್ತರ ಕತ್ತರಿಬೆಟ್ಟದ ತುದಿಯಲ್ಲಿ 1800 ಮೀಟರನ್ನು ಮುಟ್ಟುತ್ತದೆ. ತಪ್ಪಲಿನ ಮಳೆಗೂ ನೆತ್ತಿಯ ಮಳೆಗೂ ಅಜಗಜಾಂತರ. ಕುರುಚಲಿನಿಂದ ಮಲೆಕಾಡಿನವರೆಗಿನ ವೈವಿಧ್ಯಕ್ಕೆ ಕಾರಣ ಇದೇ. 1974ರಲ್ಲಿ ದೇವಾಲಯದ ಸುತ್ತಲಿನ ಅರಣ್ಯವನ್ನು ವನ್ಯಧಾಮವೆಂದು ಸಾರಲಾಯಿತು. 1987ರಲ್ಲಿ ಅದರ ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರಿಗೆ ಬೆಳೆಯಿತು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂಬ ಬಿರುದೂ ಬಂದಿತು.

ಬಿರುದು ಬಂದ ಮೇಲೆ ಕೇಳಬೇಕೇ! ಕ್ಯಾತೇದೇವರ ಗುಡಿಯಿಂದ ಬೆಳಿಗ್ಗೆ ಸಂಜೆ ಹೊರಡುವ ಜೀಪಿನಲ್ಲಿ ಕುಳಿತವರೆಲ್ಲರ ಕಣ್ಣಿಗೂ ಬೇಕಾದದ್ದು ಹುಲಿಯೊಂದೇ. ಹುಲಿ ಕಾಣದಿದ್ದರೆ ಕೊಟ್ಟ ಹಣ ಹಾಳಾಯಿತೆಂದು ಗೊಣಗುತ್ತ ಇಳಿಯುವವರಿಗೆ, ತಾವು ಏನೇನನ್ನು ನೋಡಿಯೂ ನೋಡದೆ ಬಂದೆವೆಂಬುದು ತಿಳಿಯುವುದೇ ಇಲ್ಲ. ದಾರಿಯ ಪಕ್ಕದ ಹುಲ್ಲಿನಲ್ಲಿ ಕರಿಯ ಬಂಡೆಯಂತೆ ನಿಂತಿದ್ದು, ಜೀಪು ಹತ್ತಿರವಾದಾಗ ತಲೆಯೆತ್ತುವ ಕಾಟಿಯನ್ನು ಗಮನಿಸಬೇಕು. ನಾಲ್ಕು ಕಾಲಿಗೂ ಮಂಡಿಯವರೆಗೆ ಬಿಳಿಯ ಕಾಲುಚೀಲ ತೊಟ್ಟಂತಿರುವ ಈ ಮಹಾಕಾಯವನ್ನು ಜನ ಕಾಡೆಮ್ಮೆಯೆನ್ನುತ್ತಾರೆ. ವಾಸ್ತವವಾಗಿ ಅದು ಎಮ್ಮೆಯ ಬಳಗಕ್ಕೆ ಸೇರಿದ್ದಲ್ಲ, ಹಸುವಿನ ಬಳಗದ್ದು. ಜಗತ್ತಿನ ಕಾಡುದನಗಳಲ್ಲೆಲ್ಲ ದೊಡ್ಡದು. ಹುಲಿಯೂ ಇದರ ಮುಂದೆ ಎರಡು ಸಲ ಯೋಚಿಸುತ್ತದೆ.

ಮರದ ಮೇಲೆ ಮುಸುವಗಳ ತಂಡ, ಕೆಳಗೆ ಚುಕ್ಕೆಜಿಂಕೆಗಳ ಹಿಂಡು: ಈ ಜೋಡಿಯಂತೂ ಇಲ್ಲಿ ನಿತ್ಯದ ನೋಟ. ಮುಸುವ ಅರ್ಧ ತಿಂದು ಬಿಸಾಡಿದ ಚಿಗುರು, ಹಣ್ಣು ಜಿಂಕೆಯ ಪಾಲು. ಎತ್ತರದಲ್ಲಿ ಕುಳಿತ ಮುಸುವಕ್ಕೆ ದೂರದೃಷ್ಟಿ, ನೆಲದ ಮೇಲಿನ ಜಿಂಕೆಗೆ ಸೂಕ್ಷ್ಮ ಮೂಗು, ಸೂಕ್ಷ್ಮ ಕಿವಿ. ಯಾರಿಗೆ ಮೊದಲು ಸುಳಿವು ಸಿಕ್ಕಿದರೂ ಕೂಗು ಇಬ್ಬರಿಗೂ ಉಪಕಾರಕ. ಕಡವೆ ಒಮ್ಮೆ ‘ಢಾಂ’ ಎಂದು ಕೂಗಿ ಕಾಲು ಕುಟ್ಟಿತೆಂದರೆ ಅನುಭವವುಳ್ಳ ಚಾಲಕನು ಜೀಪಿನ ಇಂಜಿನನ್ನು ನಿಲ್ಲಿಸಿಬಿಡುತ್ತಾನೆ. ಕಡವೆ ಸುಮ್ಮಸುಮ್ಮನೆ ಕೂಗುವ ಪ್ರಾಣಿಯಲ್ಲ. ಹುಲಿಯೋ ಚಿರತೆಯೋ ಸೀಳುನಾಯಿಗಳ ಗುಂಪೋ ಎಲ್ಲಿಯೋ ಹತ್ತಿರದಲ್ಲಿಯೇ ಇದೆಯೆಂದು ಅರ್ಥ. ಸೀಳುನಾಯಿ ಬೊಗಳುವುದಕ್ಕಿಂತ ಸಿಳ್ಳು ಹಾಕುವುದೇ ಹೆಚ್ಚು. ದಟ್ಟ ಪೊದೆಗಳಲ್ಲಿ ಚದುರಿದ ಗುಂಪು ಆ ಸಿಳ್ಳಿನಿಂದಲೇ ಮತ್ತೆ ಒಂದಾಗುತ್ತದೆ.

ಆನೆಗಳಿಗೆ ಈ ಬೆಟ್ಟ ಮನೆಯೂ ಹೌದು, ಹೆದ್ದಾರಿಯೂ ಹೌದು. ದಕ್ಷಿಣಕ್ಕೆ ಸತ್ಯಮಂಗಲದ ಅರಣ್ಯ, ಪೂರ್ವಕ್ಕೆ ಮಲೆ ಮಹದೇಶ್ವರನ ಬೆಟ್ಟ. ಎಡೆಯರಹಳ್ಳಿಯ ಬಳಿ ಊರುಗಳ ನಡುವೆ ಉಳಿದಿರುವ ಕಿರಿದಾದ ಕಾಡಿನ ಪಟ್ಟಿಯೇ ಈ ಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಆನೆಗಳು ಹೋಗಿಬರುವ ದಾರಿ. ಆ ಪಟ್ಟಿ ಮುಚ್ಚಿಹೋದರೆ ಎರಡು ಬೆಟ್ಟಗಳ ಆನೆಗಳ ನೆಂಟಸ್ತಿಕೆಯೇ ಮುರಿಯುತ್ತದೆ.

ಹಕ್ಕಿಗಳ ಮಾತೆತ್ತಿದರೆ ಪುಟಗಳು ಸಾಲವು. ಬಾಲದಲ್ಲಿ ಎರಡು ನೀಳ ಗರಿಗಳನ್ನು ಎಳೆದುಕೊಂಡು ಹಾರುತ್ತ, ಇತರ ಹಕ್ಕಿಗಳ ಧ್ವನಿಯನ್ನೆಲ್ಲ ಅಣಕಿಸುವ ಭೀಮರಾಜ, ದಿನವಿಡೀ ‘ಕುಟ್ರು ಕುಟ್ರು’ ಎಂದು ಕಾಡಿಗೇ ತಾಳ ಹಾಕುವ ಕುಟ್ರುಹಕ್ಕಿ, ಮುಂಜಾವಿನಲ್ಲಿ ತೊರೆಯ ಬಂಡೆಯ ಮೇಲೆ ಕುಳಿತು ಮನುಷ್ಯನಂತೆಯೇ ಸಿಳ್ಳು ಹಾಕುವ ನೀಲಿ ಸಿಳ್ಳಾರ. ದೊಡ್ಡ ಪ್ರಾಣಿಗಳ ಲೆಕ್ಕ ಮುಗಿದರೂ ಸಣ್ಣ ಜೀವಿಗಳ ಲೆಕ್ಕ ಈ ಬೆಟ್ಟದಲ್ಲಿ ಇನ್ನೂ ಮುಗಿದಿಲ್ಲ. ಹೊನ್ನಮೇಟಿಯ ಹೆಸರಿನ ಪುಟ್ಟ ಮರಗಪ್ಪೆಯೊಂದನ್ನು ವಿಜ್ಞಾನಿಗಳು ಲೋಕಕ್ಕೆ ಪರಿಚಯಿಸಿದ್ದು 2016ರಲ್ಲಿ. 2022ರಲ್ಲಿ ಇಲ್ಲಿ ದೊರೆತ ಕಣಜವೊಂದು ಯಾವ ಪರಿಚಿತ ಕುಲಕ್ಕೂ ಸೇರದ್ದರಿಂದ, ಅದಕ್ಕಾಗಿಯೇ ಹೊಸ ಕುಲವೊಂದನ್ನು ಸ್ಥಾಪಿಸಿ ‘ಸೋಲಿಗ’ ಎಂದೇ ಹೆಸರಿಟ್ಟರು. ಒಂದು ಜನಾಂಗಕ್ಕೆ ಇಂಥ ಗೌರವ ದೊರೆಯುವುದು ಅಪರೂಪ.

ಇನ್ನು ದೊಡ್ಡಸಂಪಿಗೆ. ಭಾರ್ಗವಿಯೆಂಬ ತೊರೆಯ ದಡದಲ್ಲಿ ನಿಂತಿರುವ ಈ ಮರವನ್ನು ಮರವೆನ್ನಬೇಕೋ, ಒಂದೇ ಬುಡದಲ್ಲಿ ಹುಟ್ಟಿದ ಮರಗಳ ಕುಟುಂಬವೆನ್ನಬೇಕೋ! ಆರುನೂರು ವರ್ಷದ್ದೆಂದು ಹಲವರು ಹೇಳುತ್ತಾರೆ. ಎರಡು ಸಾವಿರವೆಂದು ಏರಿಸುವವರೂ ಉಂಟು. ಗಂಟುಗಂಟಾದ ಬುಡದ ಸುತ್ತ ಸಾಲುಸಾಲಾಗಿ ಕಲ್ಲಿನ ಲಿಂಗಗಳು. ಗುಡಿಯಿಲ್ಲ, ಗೋಪುರವಿಲ್ಲ. ಸೋಲಿಗರಿಗೆ ಈ ಮರವೇ ದೇವರು. ಸಂಪಿಗೆಯ ಬಳಿಗೆ ದುಂಬಿ ಸುಳಿಯದೆಂಬುದು ನಮ್ಮ ಪೂರ್ವಕವಿಗಳ ಪ್ರಸಿದ್ಧವಾದ ಕವಿಸಮಯ. ಕವಿಗಳ ಕಲ್ಪನೆಯೆಂದು ಇದನ್ನು ತಳ್ಳಿಹಾಕುವವರು ಒಂದು ಸಂಗತಿಯನ್ನು ಗಮನಿಸಬೇಕು: ಸಂಪಿಗೆಯ ವಂಶ ಬಹು ಪ್ರಾಚೀನ, ಭೂಮಿಯ ಮೇಲೆ ಜೇನುನೊಣ ಕಾಣಿಸಿಕೊಳ್ಳುವುದಕ್ಕಿಂತ ಹಳೆಯದು. ಆ ವಂಶದ ಹೂಗಳಿಗೆ ಪರಾಗವನ್ನು ಸಾಗಿಸುವ ಕೆಲಸ ಮುಖ್ಯವಾಗಿ ಜೀರುಂಡೆಗಳದು. ಕವಿಗಳು ಕಾರಣವನ್ನು ಬಲ್ಲವರಲ್ಲದಿರಬಹುದು, ಕಣ್ಣಿಲ್ಲದವರಂತೂ ಆಗಿರಲಿಲ್ಲ.

ಬೆಟ್ಟದ ಒಡೆಯ ರಂಗನಾಥನಿಗೂ ಸೋಲಿಗರಿಗೂ ಇರುವ ನಂಟು ಭಕ್ತ ಭಗವಂತರ ನಂಟಲ್ಲ. ಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನಂತೆ. ಅಂದಿನಿಂದ ರಂಗಯ್ಯ ಅವರಿಗೆಲ್ಲ ಭಾವ. ಬಂಡೆಯ ತುದಿಯ ಗುಡಿಯಲ್ಲಿ ವೇದಘೋಷದೊಡನೆ ಪೂಜೆಗೊಳ್ಳುವ ದೇವರನ್ನು ಭಾವನೆಂದು ಸಲಿಗೆಯಿಂದ ಹಾಸ್ಯಮಾಡುವ ಹಕ್ಕು ಅವರದು. ತಪ್ಪಲಿನ ಭಕ್ತರು ಹೊಲಿದು ಒಪ್ಪಿಸುವ ದೊಡ್ಡ ಚರ್ಮದ ಪಾದುಕೆಗಳನ್ನು ಮೆಟ್ಟಿ ಸ್ವಾಮಿ ಕಾಡನ್ನೆಲ್ಲ ಸುತ್ತುತ್ತಾನೆ, ಸವೆದ ಮೇಲೆ ಹೊಸ ಜೋಡು ಬರುತ್ತದೆ ಎಂಬ ನಂಬಿಕೆ ಇಲ್ಲಿಯದು. ಕಾಡನ್ನು ಕಾಯಬೇಕಾದರೆ ಕಾಡಿನಲ್ಲಿ ನಡೆಯಬೇಕೆಂಬುದನ್ನು ದೇವರೂ ಒಪ್ಪಿದಂತಿದೆ.

ಸೋಲಿಗರಂತೂ ತಲೆತಲಾಂತರದಿಂದ ಹಾಗೆ ನಡೆದವರು. ಒಂದೆರಡು ವರ್ಷ ಒಂದು ಕಡೆ ರಾಗಿ ಬಿತ್ತಿ, ಆ ನೆಲವನ್ನು ಕಾಡಿಗೆ ಒಪ್ಪಿಸಿ ಮತ್ತೊಂದು ಕಡೆಗೆ ಹೋಗುವುದು ಅವರ ಬೇಸಾಯ. ಗೆಣಸು ಅಗೆದರೆ ಬಳ್ಳಿಯ ತಲೆಯನ್ನು ಮತ್ತೆ ಮಣ್ಣಿಗಿಡುವುದು, ನೆಲ್ಲಿ ಕೊಯ್ದರೆ ಮೃಗಪಕ್ಷಿಗಳ ಪಾಲನ್ನು ಕೊಂಬೆಯಲ್ಲಿಯೇ ಬಿಡುವುದು ಅವರ ಕ್ರಮ. ಹೆಜ್ಜೇನನ್ನು ಇಳಿಸುವುದಂತೂ ಎದೆಗಾರಿಕೆಯ ಕೆಲಸ. ಕತ್ತಲಿನಲ್ಲಿ, ಹೊಗೆಯಾಡುವ ಪಂಜು ಹಿಡಿದು, ಆಕಾಶಕ್ಕೆ ನೆಟ್ಟ ಮರವನ್ನೋ ಕಡಿದಾದ ಬಂಡೆಯನ್ನೋ ಹತ್ತಿ, ಹಾಡುತ್ತ ಹಾಡುತ್ತ ಎರಿಯನ್ನು ಕೊಯ್ಯಬೇಕು. ತುಡುವೆ, ಕೋಲುಜೇನು, ನಸರುಜೇನುಗಳ ಗುಣಾವಗುಣಗಳನ್ನು, ಯಾವ ತಿಂಗಳ ತುಪ್ಪದಲ್ಲಿ ಯಾವ ಹೂವಿನ ರುಚಿಯೆಂಬುದನ್ನು ಬಲ್ಲ ಹಿರಿಯರು ಪೋಡುಗಳಲ್ಲಿದ್ದಾರೆ. ಕಾಡಿನ ಉದ್ದಕ್ಕೂ ಅವರ ಕುಲಗಳಿಗೆ ಸೇರಿದ ಎಲ್ಲೆಗಳು. ಪ್ರತಿ ಎಲ್ಲೆಗೂ ಅದರದೇ ದೇವರು, ಮಾರಮ್ಮ, ಅಬ್ಬಿ, ಪಿತೃಗಳ ಕಲ್ಲುಗುಡಿ. ಹಿರಿಯರ ನೆನಪಿನ ಆಧಾರದಿಂದ ನಕ್ಷೆ ಬರೆದಾಗ ನಾನೂರಕ್ಕೂ ಮಿಕ್ಕ ಪವಿತ್ರಸ್ಥಾನಗಳು ಅದರಲ್ಲಿ ಮೂಡಿದುವು. ಪ್ರವಾಸಿಗನು ‘ನಿರ್ಜನವಾದ ಅರಣ್ಯ’ವೆಂದು ಉದ್ಗರಿಸುವ ಸ್ಥಳದಲ್ಲಿ ಪ್ರತಿ ಬಂಡೆಗೂ ಒಂದು ಹೆಸರುಂಟು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು, ಬೆಟ್ಟ ವನ್ಯಧಾಮವಾದ ಮೇಲೆ ಈ ಬಾಳು ಬದಲಾಯಿತು. ಬೇಟೆ ನಿಂತಿತು. ಅದು ನಿಲ್ಲಬೇಕಾದದ್ದೇ. ಅದರೊಡನೆ ಅಲೆಯುವ ಬೇಸಾಯವೂ ನಿಂತಿತು. ಕಾಡಿನ ಒಳಗಿದ್ದ ಪೋಡುಗಳನ್ನು ರಸ್ತೆಯ ಬಳಿಗೆ, ಅಂಚಿಗೆ ತಂದು ನೆಲೆಗೊಳಿಸಲಾಯಿತು. ಇವೆರಡರ ಜೊತೆಗೆ ಮೂರನೆಯದೊಂದು ನಿಂತಿತು. ಆಗ ಅದರ ನಿಲುಗಡೆಯನ್ನು ಯಾರೂ ನಷ್ಟವೆಂದು ಎಣಿಸಲಿಲ್ಲ. ಅದು ತರಗುಬೆಂಕಿ.

ಬೆಂಕಿಯೆಂದೊಡನೆ ನಾಡಿನವರ ಕಣ್ಣಿಗೆ ಕಾಣುವುದು ಕಾಳ್ಗಿಚ್ಚು: ಮರದಿಂದ ಮರಕ್ಕೆ ನೆಗೆಯುವ ಜ್ವಾಲೆ, ಬೆಂದುಹೋದ ಮೃಗಗಳು. ಸೋಲಿಗರ ತರಗುಬೆಂಕಿ ಅದಲ್ಲ. ಎಲೆಯುದುರುವ ಕಾಲದ ಆರಂಭದಲ್ಲಿಯೇ, ನೆಲದಲ್ಲಿ ಇನ್ನೂ ತೇವ ಉಳಿದಿರುವಾಗ, ಒಣಗಿದ ತರಗೆಲೆಗೆ ಇಡುತ್ತಿದ್ದ ಸಣ್ಣ ಉರಿ. ಮೊಣಕಾಲೆತ್ತರದಲ್ಲಿ ಹರಿದು, ತೇವದ ಜಾಗ ಬಂದೊಡನೆ ತಾನೇ ಸಾಯುವಂಥದು. ನಾಡುಕಾಡಿನಲ್ಲಿ ಮಾತ್ರ ಅದನ್ನು ಹಚ್ಚುತ್ತಿದ್ದರು. ದಾರಿ ತೆರವಾಗಿ ಮುಂದೇನಿದೆಯೆಂದು ಕಾಣುತ್ತಿತ್ತು, ಮಳೆ ಬಿದ್ದೊಡನೆ ಜಿಂಕೆ ಕಾಟಿಗಳಿಗೆ ಎಳೆಹುಲ್ಲು ಬರುತ್ತಿತ್ತು. ಹೀಗೆ ವರ್ಷ ವರ್ಷ ತರಗನ್ನು ಸವರಿಕೊಂಡಿದ್ದರೆ ಏಪ್ರಿಲಿನ ದೊಡ್ಡ ಬೆಂಕಿಗೆ ಉರಿಯಲು ಸರಕೇ ಇರುತ್ತಿರಲಿಲ್ಲ. ಹೊಸ ವ್ಯವಸ್ಥೆ ಎಲ್ಲ ಬೆಂಕಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಅಪರಾಧವೆಂದು ತೀರ್ಮಾನಿಸಿತು.

ಬೆಂಕಿ ಬಿಟ್ಟುಹೋದ ಜಾಗಕ್ಕೆ ಬಂದದ್ದು ಲಂಟಾನ. ಇಂದು ಬೆಟ್ಟಕ್ಕೆ ಹೋಗುವವನು ರಸ್ತೆಯ ಇಕ್ಕೆಲಗಳಲ್ಲಿಯೂ ಕಾಣುವ, ಆಳೆತ್ತರಕ್ಕೆ ಹೆಣೆದುಕೊಂಡ, ಕಿತ್ತಳೆ ಗುಲಾಬಿ ಬಣ್ಣದ ಪುಟ್ಟ ಹೂಗೊಂಚಲಿನ ಮುಳ್ಳು ಪೊದೆ ಅದೇ. ಅದರ ಮೇಲೆ ಚಿಟ್ಟೆಗಳು ಕುಣಿಯುವುದನ್ನು ಕಂಡು ಹಿಗ್ಗಿ, ಚಿತ್ರ ತೆಗೆದುಕೊಳ್ಳುವವರಿಗೆ ಕೊರತೆಯಿಲ್ಲ. ಅಮೆರಿಕಾ ಖಂಡದ ಉಷ್ಣಪ್ರದೇಶದ ಈ ಗಿಡ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲಕತ್ತೆಯ ಸಸ್ಯೋದ್ಯಾನಕ್ಕೆ ಬಂದಿತು. ತೋಟದಿಂದ ಬೇಲಿಗೆ, ಬೇಲಿಯಿಂದ ಕಾಡಿಗೆ ಅದರ ಪ್ರಯಾಣ. ಪಿಕಳಾರಗಳು ಕಪ್ಪು ಹಣ್ಣನ್ನು ತಿಂದು ಬೀಜವನ್ನು ಎಲ್ಲೆಡೆ ಬಿತ್ತಿದುವು. ಈ ಬೆಟ್ಟದಲ್ಲಿ 1997ರಲ್ಲಿ ಗುರುತುಹಾಕಿದ ತುಂಡುನೆಲಗಳನ್ನು ಸಂಶೋಧಕರು 2008ರಲ್ಲಿ ಮತ್ತೆ ಪರೀಕ್ಷಿಸಿದಾಗ, ಲಂಟಾನ ಹಬ್ಬಿದ್ದ ನೆಲಗಳ ಸಂಖ್ಯೆ ಸುಮಾರು ಎರಡರಷ್ಟಾಗಿತ್ತು. ಹನ್ನೊಂದು ವರ್ಷದಲ್ಲಿ ಇಷ್ಟು!

ಅದರ ನೆರಳಿನಲ್ಲಿ ಹುಲ್ಲು ಏಳುವುದಿಲ್ಲ. ಮತ್ತಿ ಹೊನ್ನೆಗಳ ಸಸಿಗಳು ಬೆಳಕು ಕಾಣದೆ ಸಾಯುತ್ತವೆ. ಹುಲ್ಲಿಲ್ಲದ ಕಡೆ ಜಿಂಕೆ ನಿಲ್ಲದು, ಜಿಂಕೆಯಿಲ್ಲದ ಕಡೆ ಹುಲಿಗೇನು ಕೆಲಸ? ಹುಲಿ ಕಾಣಲಿಲ್ಲವೆಂದು ಗೊಣಗುವ ಪ್ರವಾಸಿಗನ ಅಸಮಾಧಾನಕ್ಕೂ ಈ ಹಸಿರು ಗೋಡೆಯೇ ಅರ್ಧ ಕಾರಣ. ಹತ್ತು ಮಾರು ಆಚೆ ಆನೆ ನಿಂತಿದ್ದರೂ ಕಾಣದು. ಕಾಣದ ಆನೆಗೆ ಎದುರಾಗಿ ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುವವನು ಪ್ರವಾಸಿಗನಲ್ಲ, ಕಾಲ್ನಡೆಯಲ್ಲಿ ಹೋಗುವ ಸೋಲಿಗ, ಕಾಲ್ನಡೆಯಲ್ಲಿ ಕಾವಲು ತಿರುಗುವ ಅರಣ್ಯರಕ್ಷಕ. ಬೇಸಿಗೆಯಲ್ಲಿ ಈ ಪೊದೆ ಒಣಗಿದಾಗ ಬೆಂಕಿ ಬಿದ್ದರೆ ಅದು ನೆಲದಲ್ಲಿ ಹರಿಯುವ ತರಗುಬೆಂಕಿಯಲ್ಲ, ಪೊದೆಯನ್ನೇ ಏಣಿ ಮಾಡಿಕೊಂಡು ಮರದ ನೆತ್ತಿಗೆ ಏರುವ ಬೆಂಕಿ.

ನೆಲ್ಲಿಯ ಕಥೆ ಇದಕ್ಕೆ ಸಮೀಪದ್ದು. ಬೆಟ್ಟದ ನೆಲ್ಲಿಮರಗಳ ಮೇಲೆ ಬದನಿಕೆ ಹೆಚ್ಚುತ್ತಿದೆ. ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ಪುಟ್ಟ ಹಕ್ಕಿಯೊಂದು ಅದರ ಅಂಟುಹಣ್ಣನ್ನು ತಿಂದು ಬೀಜವನ್ನು ಮತ್ತೊಂದು ಕೊಂಬೆಗೆ ಒರೆಸಿ ಹೋದರೆ ಸಾಕು, ಅಲ್ಲೊಂದು ಹೊಸ ಬದನಿಕೆ. ಅದು ಮರದ ರಸವನ್ನು ಹೀರುತ್ತದೆ, ಕಾಯಿ ಕಡಿಮೆಯಾಗುತ್ತದೆ, ಕೊನೆಗೆ ಮರವೇ ಒಣಗುತ್ತದೆ. ಹಿಂದೆ ತರಗುಬೆಂಕಿಯ ಬಿಸಿ, ಹೊಗೆ ಇದನ್ನು ಹದ್ದಿನಲ್ಲಿಟ್ಟಿತ್ತೆಂಬುದು ಸೋಲಿಗರ ವಾದ. ಈ ಮಾತನ್ನು ಮೊದಮೊದಲು ಕೇಳುವವರಿರಲಿಲ್ಲ. ಸಂಶೋಧಕರು ಅವರೊಡನೆ ಕುಳಿತು ಮರಮರವನ್ನೂ ಪರೀಕ್ಷಿಸಲಾರಂಭಿಸಿದ್ದು ಆಮೇಲಿನ ಕಥೆ. ನೆಲ್ಲಿ ಕೊಯ್ಯುವವನು ಬದನಿಕೆಯ ಕೊಂಬೆಯನ್ನು ಕತ್ತರಿಸಿ ಹಾಕುತ್ತಿದ್ದ. ಆದರೆ ಕೊಯ್ಯುವವನನ್ನೇ ದೂರವಿಟ್ಟ ಕಾಲವೂ ಬಂದಿತು. 2002ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯಿದೆಯ ಆಧಾರದ ಮೇಲೆ, ಮಾರಾಟಕ್ಕಾಗಿ ಜೇನು, ನೆಲ್ಲಿ, ಸೀಗೆ, ಕಲ್ಲುಹೂಗಳನ್ನು ಸಂಗ್ರಹಿಸುವುದನ್ನು ಮುಂದಿನ ಕೆಲವು ವರ್ಷಗಳಲ್ಲಿ ನಿಲ್ಲಿಸಲಾಯಿತು. ವರ್ಷದ ಆದಾಯದ ಬಹುಪಾಲನ್ನು ಕಾಡಿನಿಂದಲೇ ಪಡೆಯುತ್ತಿದ್ದ ಮನೆಗಳ ಒಲೆಯ ಮೇಲೆ ಇದರ ಪರಿಣಾಮವೇನೆಂಬುದನ್ನು ಓದುಗರು ಊಹಿಸಬಹುದು. ಕಾಫಿತೋಟಗಳ ಕೂಲಿ, ದೂರದ ಊರುಗಳ ಕೂಲಿಯೇ ಅನೇಕರಿಗೆ ಗತಿಯಾಯಿತು.

2006ರ ಅರಣ್ಯಹಕ್ಕು ಕಾಯಿದೆ ಈ ಗಂಟನ್ನು ಸಡಿಲಿಸಿತು. ಅರ್ಜಿ, ಸಭೆ, ನಕ್ಷೆ, ಅಲೆದಾಟಗಳ ಬಳಿಕ, 2011ರ ಅಕ್ಟೋಬರಿನಲ್ಲಿ ಇಪ್ಪತ್ತೈದು ಗ್ರಾಮಸಭೆಗಳ ಸೋಲಿಗರಿಗೆ ಸಾಮೂಹಿಕ ಅರಣ್ಯಹಕ್ಕು ಪತ್ರಗಳು ದೊರೆತುವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅಲ್ಲಿನ ನಿವಾಸಿಗಳಿಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲಿಯೇ ಅದು ಮೊದಲು. ಅದೇ ವರ್ಷದ ಆದಿಯಲ್ಲಿ ಹುಲಿಗೆ ಕಾಡು, ಅಂತ್ಯದೊಳಗೆ ಸೋಲಿಗನಿಗೆ ಹಕ್ಕು! ಒಂದನ್ನು ಕೊಟ್ಟರೆ ಇನ್ನೊಂದು ಕೆಡುತ್ತದೆಂದು ಭಯಪಟ್ಟವರು ಅಂದೂ ಇದ್ದರು. ಅವರಲ್ಲಿ ಹಲವರ ಕಾಳಜಿ ಪ್ರಾಮಾಣಿಕವಾದದ್ದೇ. ಆದರೆ ಕಾಡನ್ನು ಮುಳ್ಳು ಮುಚ್ಚುತ್ತ ಬಂದದ್ದು ಸೋಲಿಗನ ಬೆಂಕಿ ಆರಿಸಿದ ವರ್ಷಗಳಲ್ಲಿಯೇ ಎಂಬುದನ್ನು ಅವರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗೆಂದು ಇಂದೇ ಕಡ್ಡಿ ಗೀರಿದರೆ ಎಲ್ಲವೂ ಸರಿಹೋದೀತೆಂದು ಹೇಳುವಂತಿಲ್ಲ. ಅಂದಿನ ಬೆಂಕಿ ಹರಿದದ್ದು ಹುಲ್ಲು ತರಗೆಲೆಗಳ ಮೇಲೆ, ಲಂಟಾನದ ಎಳೆಯ ಸಸಿಗಳ ಮೇಲೆ. ಇಂದು ಅದರ ಬುಡ ತೋಳಿನ ಗಾತ್ರ. ಸುಟ್ಟರೂ ಕಡಿದರೂ ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಬೇರಿನ ಕುತ್ತಿಗೆಯನ್ನು ಮಣ್ಣಿನೊಳಗೆ ಕತ್ತರಿಸಿ, ಬುಡವನ್ನು ತಲೆಕೆಳಗಾಗಿ ಒರಗಿಸಿಟ್ಟು, ಮುಂದಿನ ಎರಡು ಮೂರು ಮಳೆಗಾಲ ಬೀಜದಿಂದೇಳುವ ಸಸಿಗಳನ್ನು ಕೀಳುತ್ತಿರಬೇಕು. ಯಂತ್ರ ಇದನ್ನು ಮಾಡಲಾರದು. ಯಾವ ಪೊದೆಯಡಿ ಹೊನ್ನೆಯ ಸಸಿ ಅಡಗಿದೆಯೆಂದು ಬಲ್ಲ ಕೈ ಬೇಕು. ಕಿತ್ತ ಕಡ್ಡಿಯೂ ವ್ಯರ್ಥವಲ್ಲ. ನೆರೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು 2004ರ ಸುಮಾರಿನಿಂದ ಲಂಟಾನವನ್ನು ಬೇಯಿಸಿ, ತೊಗಟೆ ಸುಲಿದು, ಬೆತ್ತಕ್ಕೆ ಬದಲಾಗಿ ಬಳಸಿ ಕುರ್ಚಿ ಮೇಜುಗಳನ್ನು ಹೆಣೆಯುತ್ತ ಬಂದಿದ್ದಾರೆ. ನೀಲಗಿರಿ ಸೀಮೆಯ ಗಿರಿಜನ ಕುಶಲಿಗಳು ಲಂಟಾನದಿಂದಲೇ ನಿಜಗಾತ್ರದ ಆನೆಗಳನ್ನು ಕಟ್ಟಿದರು. ಆ ಆನೆಗಳ ದೊಡ್ಡ ಹಿಂಡು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ಬೀಡುಬಿಟ್ಟಿತ್ತು. ನಮ್ಮ ಕಾಡಿಗೆ ಮುಳ್ಳಾಗಿ ಬಂದದ್ದು ಆನೆಯಾಗಿ ಸಮುದ್ರ ದಾಟಿತು.

ಬೆಟ್ಟವನ್ನು ನೋಡಲು ಹೋಗುವವರು ಫೆಬ್ರವರಿಯಲ್ಲಿ ಹೋದರೆ ಎಲೆಯುದುರಿದ ನಾಡುಕಾಡಿನ ನಡುವೆ ಮುತ್ತುಗ ಹೂಬಿಟ್ಟು ಕೆಂಡದ ರಾಶಿಯಂತೆ ಕಾಣುತ್ತದೆ. ಮಳೆಯ ಮೊದಲ ಹನಿಗಳ ಬಳಿಕ ಹೋದರೆ ಕಾಟಿಗಳು ಹುಲ್ಲಿಗೆ ಇಳಿದಿರುತ್ತವೆ. ಜೀಪಿನ ಸಲಹೆಗಾರನು ಸೋಲಿಗರವನಾದರೆ ಅದೃಷ್ಟವೆಂದೇ ತಿಳಿಯಬೇಕು. ಹುಲಿಯೆಲ್ಲಿ ಎಂದು ಅವನನ್ನು ಪೀಡಿಸುವ ಬದಲು, ಎದುರಿಗಿರುವ ಮರದ ಹೆಸರೇನು, ಅದರ ಹಣ್ಣನ್ನು ಯಾರು ತಿನ್ನುತ್ತಾರೆ, ಆ ಬಂಡೆ ಯಾರ ಎಲ್ಲೆಗೆ ಸೇರಿದ್ದು ಎಂದು ಕೇಳಬಹುದು. ಕತ್ತಲಾಗುವ ಮುನ್ನ ಗುಂಬಳ್ಳಿಯ ಗೇಟನ್ನು ದಾಟಿ ಹೊರಬರಬೇಕೆಂಬ ನಿಯಮವುಂಟು. ಇಳಿಯುವಾಗ ದಾರಿಯ ಪಕ್ಕದಲ್ಲಿ ಲಂಟಾನವನ್ನು ಕಿತ್ತು ತೆರವುಮಾಡಿದ ಒಂದೆರಡು ತುಂಡುನೆಲಗಳು ಕಂಡರೆ ಅಲ್ಲಿ ವಾಹನವನ್ನು ನಿಧಾನಗೊಳಿಸಬೇಕು. ಹುಲ್ಲು ಮತ್ತೆ ಬಂದ ಕಡೆ, ಸಂಜೆಯ ಹೊತ್ತಿಗೆ, ಜಿಂಕೆಗಳು ನಿಂತಿರುತ್ತವೆ.